ಹೋರಿ, ಎತ್ತು ಮತ್ತು ಹತ್ತು ನಿಮಿಷದ ಆಪರೇಷನ್

ಚನ್ನಗಿರಿ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ವಯಸ್ಸು 36, ಮಕ್ಕಳು ಎರಡು, ಇನ್ನು ಸಾಕು. ಹೆಂಡತಿಗೆ ರಕ್ತ ಕಡಿಮೆ ಎಂದು ಎರಡನೇ ಬಾಣಂತನದಲ್ಲಿ ಮಕ್ಕಳಾಗದಂತೆ ಮಾಡುವ ಆಪರೇಷನ್ ಮುಂದೂಡಿದ್ದರು. ಈಗ ಡಾಕ್ಟರು ‘ನೀವೇ ವ್ಯಾಸೆಕ್ಟಮಿ, ಅಂದರೆ ಗಂಡಸರ ಆಪರೇಷನ್, ಮಾಡಿಸಿಕೊಳ್ಳಿ, ಸುಲಭ’ ಎನ್ನುತ್ತಿದ್ದಾರೆ. ತಾಯಿ ‘ದುಡಿಯೋ ಗಂಡಸಿಗೆ ಕತ್ತರಿ ಹಾಕಿದ್ರೆ ಮರ ಹತ್ತೋರು ಯಾರು’ ಎಂದು ಊಟ ಬಿಟ್ಟಿದ್ದಾರೆ. ಗೆಳೆಯರು ‘ಹೋರಿ ಹೋಗಿ ಎತ್ತಾಗ್ತೀಯ’ ಎಂದು ನಗುತ್ತಾರೆ. ‘ಇದರಿಂದ ಗಂಡಸುತನಕ್ಕೆ ಕುಂದಿಲ್ಲವೇ? ಮರ ಹತ್ತುವುದು ಬಿಡಬೇಕೇ?’ ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಇಂಥ ಪತ್ರವನ್ನು ಗಂಡಸರು ಬರೆಯುವುದೇ ಅಪರೂಪ. ಬರೆದಿರಲ್ಲ, ಅದಕ್ಕೆ ಮೊದಲು ನಮಸ್ಕಾರ. ಆದರೆ ಒಂದು ಮಾತು. ತಾಯಿ ಹೇಳಿದ್ದು, ಗೆಳೆಯರು ಹೇಳಿದ್ದು, ಡಾಕ್ಟರು ಹೇಳಿದ್ದು ಎಲ್ಲ ಬರೆದಿದ್ದೀರಿ. ನಾಲ್ಕು ಪುಟದಲ್ಲಿ ನಿಮ್ಮ ಹೆಂಡತಿ ಹೇಳಿದ್ದು ಒಂದು ಸಾಲೂ ಇಲ್ಲ. ಅವರನ್ನು ಕೇಳಿದ್ದೀರಾ?

ಹೋರಿ–ಎತ್ತಿನ ಮಾತು ಮೊದಲು ತೀರಿಸೋಣ, ಏಕೆಂದರೆ ಹೆದರಿಕೆಯ ಬೇರು ಅಲ್ಲೇ ಇದೆ. ಹೋರಿಗೆ ಬೀಜ ಒಡೆಸುವಾಗ ಪಶು ಆಸ್ಪತ್ರೆಯ ಇಕ್ಕಳ ಬೀಜಕ್ಕೆ ರಕ್ತ ಒಯ್ಯುವ ನಾಳಗಳನ್ನೇ ಜಜ್ಜುತ್ತದೆ. ರಕ್ತ ನಿಂತ ಬೀಜ ಕೆಲವು ವಾರಗಳಲ್ಲಿ ಬಾಡುತ್ತದೆ. ಗಂಡು ಹಾರ್ಮೋನ್ ಹುಟ್ಟುವ ಜಾಗವೇ ಹೋಗುವುದರಿಂದ ಹೋರಿ ಎತ್ತಾಗುತ್ತದೆ. ವ್ಯಾಸೆಕ್ಟಮಿಯಲ್ಲಿ ಬೀಜವನ್ನು ಮುಟ್ಟುವುದೇ ಇಲ್ಲ, ಅದರ ರಕ್ತನಾಳವನ್ನೂ ಮುಟ್ಟುವುದಿಲ್ಲ. ಕತ್ತರಿಸುವುದು ವೀರ್ಯಾಣು ಸಾಗುವ ಸಣ್ಣ ನಾಳವನ್ನು ಮಾತ್ರ. ಮೀಸೆ, ದನಿ, ಕಸುವು, ಆಸೆ ಎಲ್ಲಕ್ಕೂ ಕಾರಣವಾದ ಟೆಸ್ಟೋಸ್ಟೆರಾನ್ ಆ ನಾಳದಲ್ಲಿ ಹರಿಯುವುದೇ ಇಲ್ಲ, ಬೀಜದಿಂದ ನೇರ ರಕ್ತಕ್ಕೆ ಸೇರುತ್ತದೆ. ವೀರ್ಯವೂ ಮೊದಲಿನಷ್ಟೇ ಬರುತ್ತದೆ. ಅದರಲ್ಲಿ ವೀರ್ಯಾಣುಗಳ ಪಾಲು ತೀರಾ ಕಡಿಮೆ, ಉಳಿದದ್ದೆಲ್ಲ ಪ್ರಾಸ್ಟೇಟ್ ಮತ್ತು ಪಕ್ಕದ ಗ್ರಂಥಿಗಳ ದ್ರವ. ಹೊರಬರಲಾಗದ ವೀರ್ಯಾಣುಗಳನ್ನು ಮೈಯೇ ಕರಗಿಸಿಕೊಳ್ಳುತ್ತದೆ.

ಈಗ ಬಳಕೆಯಲ್ಲಿರುವುದು ಚಾಕು ಮುಟ್ಟಿಸದ ವಿಧಾನ. 1974ರಲ್ಲಿ ಚೀನಾದ ವೈದ್ಯರೊಬ್ಬರು ರೂಪಿಸಿದ್ದು, 90ರ ದಶಕದ ಆರಂಭದಲ್ಲಿ ಭಾರತಕ್ಕೆ ಬಂತು. ಮಲಗಿಸಿ, ಚರ್ಮ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ನೋವೆಂದರೆ ಬಹುಪಾಲು ಅದೇ ಚುಚ್ಚು. ಉಂಗುರದಂಥ ತುದಿಯ ಇಕ್ಕಳದಿಂದ ಚರ್ಮದ ಮೇಲಿಂದಲೇ ನಾಳವನ್ನು ಹಿಡಿದು, ಚೂಪು ತುದಿಯ ಇನ್ನೊಂದು ಇಕ್ಕಳದಿಂದ ಚಿಕ್ಕ ತೂತು ಮಾಡಿ ಹಿಗ್ಗಿಸುತ್ತಾರೆ. ನಾಳದ ಕುಣಿಕೆಯನ್ನು ಹೊರಗೆಳೆದು, ಸುಮಾರು ಒಂದು ಸೆಂಟಿಮೀಟರ್ ತುಂಡು ತೆಗೆದು, ತುದಿಗಳನ್ನು ದಾರದಿಂದ ಕಟ್ಟುತ್ತಾರೆ. ತುದಿಗಳು ಮತ್ತೆ ಕೂಡಿಕೊಳ್ಳದಂತೆ ನಡುವೆ ತೆಳು ಪೊರೆಯ ಅಡ್ಡ ಹಾಕುತ್ತಾರೆ. ಅದೇ ತೂತಿನಿಂದ ಇನ್ನೊಂದು ಬದಿಯ ನಾಳಕ್ಕೂ ಹೀಗೇ. ಹೊಲಿಗೆ ಇಲ್ಲ, ಗಾಜ್ ಬಟ್ಟೆ ಇಟ್ಟರೆ ಮುಗಿಯಿತು. ಹತ್ತು ಹದಿನೈದು ನಿಮಿಷದ ಕೆಲಸ, ಸ್ವಲ್ಪ ಹೊತ್ತು ಕೂತು ಮನೆಗೆ ಹೋಗಬಹುದು.

ಹೆಂಗಸರಿಗಾದರೆ ಹೊಟ್ಟೆಯ ಗೋಡೆ ದಾಟಬೇಕು, ಕರುಳು, ಮೂತ್ರಕೋಶಗಳ ಪಕ್ಕದಲ್ಲೇ ಅಂಡನಾಳ ಹುಡುಕಿ ಕಟ್ಟಬೇಕು. 2014ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ತಾಯಂದಿರು ಸತ್ತರು. ಇಂಥ ಸಾಮೂಹಿಕ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಬೇಕಾಯಿತು.

ನಿಮ್ಮ ತಾಯಿಯ ಮಾತಿನ ಅರ್ಥ ಸೊಸೆಗೇ ಆಪರೇಷನ್ ಆಗಲಿ ಎಂದಿದ್ದರೆ, ಅದನ್ನೂ ಪೂರ್ತಿ ತಳ್ಳಿಹಾಕುವುದಿಲ್ಲ. ಸಿಸೇರಿಯನ್ ಆಗುವಾಗ ಹೊಟ್ಟೆ ಹೇಗೂ ತೆರೆದಿರುತ್ತದೆ, ಆಕೆ ಒಪ್ಪಿದರೆ ಆಗಲೇ ನಾಳ ಕಟ್ಟುವುದು ನ್ಯಾಯವೇ. ಗಂಡಸರ ಹೆದರಿಕೆಗೂ ಚರಿತ್ರೆಯಿದೆ. ತುರ್ತುಪರಿಸ್ಥಿತಿಯಲ್ಲಿ, 1976–77ರ ಒಂದೇ ವರ್ಷ, 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಆಪರೇಷನ್ ಆಯಿತು, ಎಷ್ಟೋ ಜನರಿಗೆ ಬಲವಂತದಿಂದ. ಆ ಗಾಯ ನಿಜ. ಆದರೆ ಅದಕ್ಕೆ ದಂಡ ತೆತ್ತವರು ಯಾರು? ಸರ್ಕಾರಗಳು ಗಂಡಸರ ಸಿಟ್ಟಿಗೆ ಹೆದರಿ ಇಡೀ ಕಾರ್ಯಕ್ರಮವನ್ನು ಹೆಂಗಸರ ಹೊಟ್ಟೆಯ ಮೇಲೆ ಹೇರಿದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ವಿವಾಹಿತ ಹೆಂಗಸರಲ್ಲಿ ಶೇ 37.9ರಷ್ಟು ಮಂದಿ ತಾವೇ ಆಪರೇಷನ್ ಮಾಡಿಸಿಕೊಂಡಿದ್ದರು. ಗಂಡ ಮಾಡಿಸಿಕೊಂಡಿದ್ದು ಶೇ 0.3. ಕರ್ನಾಟಕದಲ್ಲಿ ಹೆಂಗಸರದು ಅರ್ಧಕ್ಕೂ ಹೆಚ್ಚು, ಗಂಡಸರದು ಸೊನ್ನೆಯ ಆಸುಪಾಸು. ಇದು 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದ ಮೈಸೂರು ಸಂಸ್ಥಾನದ ನೆಲ! ಅದೇ ಸಮೀಕ್ಷೆಯಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಗಂಡಸರು ‘ಗರ್ಭನಿರೋಧ ಹೆಂಗಸರ ವಿಷಯ, ನಮಗೇಕೆ’ ಎಂಬುದಕ್ಕೆ ಹೂಂ ಅಂದಿದ್ದಾರೆ.

ಆಸ್ಪತ್ರೆಗೆ ಹೋಗಿ ನೋಡಿ. ಕುಟುಂಬ ಯೋಜನೆಯೆಂದರೆ ಹೆರಿಗೆ ವಾರ್ಡಿನ ಪಕ್ಕದ ಕೋಣೆ, ಗಂಡಸು ಬಾಗಿಲಾಚೆ ಚೀಲ ಹಿಡಿದು ನಿಂತಿರುತ್ತಾನೆ. ಮನೆಗೆ ಬರುವ ಆಶಾ ಕಾರ್ಯಕರ್ತೆ ಮಾತಾಡುವುದು ಸೊಸೆಯೊಡನೆ. ಮಕ್ಕಳಾಗದ ಮನೆಯಲ್ಲೂ ಇದೇ ಕಥೆ. ವೀರ್ಯ ಪರೀಕ್ಷೆ ಕೆಲವು ನೂರು ರೂಪಾಯಿಯದು, ಸೂಜಿಯನ್ನೂ ಚುಚ್ಚುವುದಿಲ್ಲ. ಆದರೂ ಮೊದಲು ಸ್ಕ್ಯಾನಿಂಗ್, ನಾಳಕ್ಕೆ ಬಣ್ಣ ಬಿಟ್ಟು ಎಕ್ಸ್‌ರೇ, ಹರಕೆ, ಉಪವಾಸ ಎಲ್ಲ ಹೆಣ್ಣಿಗೇ. ‘ಬಂಜೆ’ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇದೆ. ಅದಕ್ಕೆ ಜೋಡಿಯಾಗಿ ಗಂಡಸಿಗೊಂದು ಬೈಗುಳವನ್ನು ನಮ್ಮ ಊರುಗಳು ಅಷ್ಟು ಸಲೀಸಾಗಿ ಬಳಸುವುದಿಲ್ಲ. ನೋವು ತಾಳುವುದೇ ಗಂಡಸುತನ ಎಂದು ಮೀಸೆ ತಿರುವುವ ಸಮಾಜ ನೋವು ಬಂದಾಗೆಲ್ಲ ಹೆಂಗಸನ್ನೇ ಮುಂದೆ ದೂಡುತ್ತದೆ. ಇದಕ್ಕೆ ನನ್ನ ಸಿಟ್ಟು ಯಾವತ್ತೂ ಇಳಿದಿಲ್ಲ.

ಇರಲಿ, ನಿಮ್ಮ ವಿಷಯಕ್ಕೆ ಬರುತ್ತೇನೆ. ನಿಯಮದ ಪ್ರಕಾರ ಮದುವೆಯಾಗಿರಬೇಕು, ವಯಸ್ಸು 60 ದಾಟಿರಬಾರದು, ಒಂದು ಮಗುವಿಗಾದರೂ ವರ್ಷ ತುಂಬಿರಬೇಕು. ಹೆಂಡತಿಯ ಸಹಿ ಕಡ್ಡಾಯವಲ್ಲ, ಅವರೊಡನೆ ಮಾತು ಮಾತ್ರ ಕಡ್ಡಾಯ ಎಂದು ನಾನು ಹೇಳುತ್ತೇನೆ. ಇದು ಶಾಶ್ವತ ಎಂದೇ ತಿಳಿದು ಹೋಗಿ. ಮತ್ತೆ ಜೋಡಿಸುವ ಆಪರೇಷನ್ ಇದೆ, ಫಲದ ಖಾತ್ರಿ ಇಲ್ಲ. ಹೋಗುವಾಗ ಬಿಗಿಯಾದ, ಒಗೆದ ಒಳಉಡುಪು ಒಯ್ಯಿರಿ. ಬೀಜ ಜೋಲದಂತೆ ಅದು ಎತ್ತಿ ಹಿಡಿದರೆ ಬಾವು, ನೋವು ಎರಡೂ ಕಡಿಮೆ. ಮೊದಲ ದಿನ ಗಾಯ ನೆನೆಸಬೇಡಿ. ಎರಡು ದಿನ ವಿಶ್ರಾಂತಿ, ಆಮೇಲೆ ಹಗುರ ಕೆಲಸ. ಸೈಕಲ್, ಭಾರ ಎತ್ತುವುದು ವಾರದ ನಂತರ. ಕಾಲಿಗೆ ತಳೆ ಹಾಕಿ ಮರವನ್ನು ತೊಡೆಯಿಂದ ಅವುಚಿ ಏರುವ ನಿಮ್ಮ ಕೆಲಸ ಸೈಕಲ್ಲಿಗಿಂತ ಕಠಿಣ, ಆದ್ದರಿಂದ ವಾರ ಕಳೆದ ಮೇಲೂ ಡಾಕ್ಟರಿಗೆ ತೋರಿಸಿಯೇ ಹತ್ತಿ. ಆತುರಪಟ್ಟರೆ ಒಳಗೆ ರಕ್ತ ಜಿನುಗಿ ಹೆಪ್ಪುಗಟ್ಟಿ ಚೀಲ ಊದುತ್ತದೆ. ಊತ ಏರುತ್ತಿದ್ದರೆ, ಜ್ವರ, ಕೀವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕೆಲವರಿಗೆ ಬಹಳ ಕಾಲ ಸಣ್ಣ ನೋವು ಉಳಿಯುವುದುಂಟು, ಅದನ್ನು ಮುಚ್ಚಿಡುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ: ಆಪರೇಷನ್ ಆದ ದಿನವೇ ಅದು ಫಲ ಕೊಡುವುದಿಲ್ಲ. ಕತ್ತರಿಸಿದ ಜಾಗದಿಂದ ಮುಂದಿನ ನಾಳದಲ್ಲಿ ಹಳೆಯ ವೀರ್ಯಾಣುಗಳು ಉಳಿದಿರುತ್ತವೆ. ಮೂರು ತಿಂಗಳು ಕಾಂಡೋಮ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ. ವೀರ್ಯಾಣು ಇಲ್ಲ ಎಂದು ಬಂದ ಮೇಲಷ್ಟೇ ಕಾಂಡೋಮ್ ಬಿಡಿ. ಈ ಪರೀಕ್ಷೆ ತಪ್ಪಿಸಿದ ಮನೆಯಲ್ಲಿ ಹೆಂಡತಿ ಬಸುರಾದರೆ ಊರು ಆಡುವ ಮಾತಿಗೂ ಆಕೆಯೇ ಗುರಿಯಾಗುತ್ತಾಳೆ.

ಸರ್ಕಾರದ ವ್ಯಾಸೆಕ್ಟಮಿ ಪಾಕ್ಷಿಕ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ. ಅದು ನಿಮ್ಮ ಕೊಯ್ಲಿನ ನಡುವೆ ಬರುತ್ತದೆ, ಅದಕ್ಕಾಗಿ ಕಾಯಬೇಕಿಲ್ಲ, ಗಡಿಬಿಡಿಯೂ ಬೇಡ. ಕೊನೆಯ ಗೊನೆ ಇಳಿಸಿ, ಅಡಿಕೆ ಬೇಯಿಸಿ ಒಣಹಾಕಿದ ಮೇಲೆ, ಜನವರಿಯಲ್ಲೊಂದು ದಿನ ಗೊತ್ತು ಮಾಡಿಕೊಳ್ಳಿ. ಏಪ್ರಿಲ್‌ನಲ್ಲಿ ವೀರ್ಯ ಪರೀಕ್ಷೆಗೆ ಹೋಗುವಾಗ ಹೆಂಡತಿಯನ್ನೂ ಕರೆದುಕೊಂಡು ಹೋಗಿ ಅವರ ರಕ್ತ ಪರೀಕ್ಷೆ ಮಾಡಿಸಿ. ಅವರಿಗೆ ಹಿಮೋಗ್ಲೋಬಿನ್ ಈಗ ಎಷ್ಟಿದೆ ಎಂದು ನೀವು ಬರೆದಿಲ್ಲ.