ಓದುಗರ ಪ್ರಶ್ನೆ: ಮಳೆಯ ನಾಡಿನಲ್ಲಿ ತೆರೆದ ಕಾರು

ಪ್ರಶ್ನೆ: ಹದಿನೆಂಟು ವರ್ಷ ಶಾರ್ಜಾದಲ್ಲಿ ದುಡಿದು ಕಳೆದ ವರ್ಷ ಊರಿಗೆ ಮರಳಿದ್ದೇನೆ, ಈಗ ತೋಟ ನೋಡಿಕೊಂಡಿದ್ದೇನೆ. ಅಲ್ಲಿ ಗೆಳೆಯರೊಬ್ಬರ ಮಾಜ್ದಾ ಎಂಎಕ್ಸ್-5 ಓಡಿಸಿದ ದಿನದಿಂದ, ಎರಡೇ ಸೀಟಿನ, ಛಾವಣಿ ಮಡಚುವ ಕಾರೊಂದು ಬೇಕೆಂಬ ಆಸೆ ನನ್ನನ್ನು ಬಿಟ್ಟಿಲ್ಲ. ಅವರು ಅದೇ ಹಳೆಯ ಕಾರನ್ನು ಕಡಿಮೆ ಬೆಲೆಗೆ ಕೊಡಲು ಒಪ್ಪಿದ್ದಾರೆ. ಅದನ್ನು ಇಲ್ಲಿಗೆ ತರಿಸಬಹುದೇ? ಆಗದಿದ್ದರೆ ನಾಲ್ಕು ಲಕ್ಷ ರೂಪಾಯಿಯೊಳಗೆ ಯಾವುದನ್ನು, ಹೇಗೆ ನೋಡಿ ಕೊಳ್ಳಬೇಕು? ಮಳೆಯ ಊರಿನಲ್ಲಿ ಇದು ಹುಚ್ಚು ಎಂದು ಮನೆಯವರು ಹೇಳುತ್ತಾರೆ.
(ಓದುಗರೊಬ್ಬರು, ಬದಿಯಡ್ಕ)

ಉತ್ತರ: ನಿಮ್ಮ ಆಸೆ ಹುಚ್ಚಲ್ಲ. 1989ರಲ್ಲಿ ಷಿಕಾಗೋದ ವಾಹನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಎಂಎಕ್ಸ್-5, 2016ರ ಹೊತ್ತಿಗೆ ಹತ್ತು ಲಕ್ಷದ ಸಂಖ್ಯೆಯನ್ನು ಮುಟ್ಟಿತು. ಆರಂಭದ ಕಾರಿಗೆ ಇದ್ದದ್ದು 1.6 ಲೀಟರಿನ ಎಂಜಿನ್ ಮಾತ್ರ. ತೂಕ ಒಂದು ಟನ್ನಿಗಿಂತ ಕಡಿಮೆ, ಎಂಜಿನ್ ಮುಂದೆ, ಅದರ ಶಕ್ತಿ ಹಿಂದಿನ ಚಕ್ರಗಳಿಗೆ. ಅದರ ಸುಖವೆಲ್ಲ ವೇಗದಲ್ಲಲ್ಲ, ಹಗುರತನದಲ್ಲಿ ಇದೆ. ನಲವತ್ತು ಐವತ್ತರ ವೇಗದಲ್ಲಿಯೂ ಪ್ರತಿ ತಿರುವು ಕೈಗೆ ತಿಳಿಯುತ್ತದೆ. ಬದಿಯಡ್ಕದಿಂದ ಮುಳ್ಳೇರಿಯಕ್ಕೆ ಹೋಗುವಂಥ ಏರು ತಗ್ಗಿನ ರಸ್ತೆಗಳಿಗೆ ಇಂಥ ಕಾರೇ ತಕ್ಕದ್ದು ಎಂದು ನನಗೆ ಅನ್ನಿಸುತ್ತದೆ.

ಆದರೆ ಗೆಳೆಯರ ಕಾರನ್ನು ತರಿಸುವ ಯೋಚನೆಯನ್ನು ಈಗಲೇ ಬಿಟ್ಟುಬಿಡಿ. ನಮ್ಮ ಆಮದು ನೀತಿಯಂತೆ ಬಳಸಿದ ಕಾರು ತಯಾರಾಗಿ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಅದರ ಸ್ಟಿಯರಿಂಗ್ ಬಲಗಡೆಯೇ ಇರಬೇಕು, ಅದು ಮುಂಬಯಿ ಬಂದರಿನ ಮೂಲಕವೇ ಬರಬೇಕು. ಶಾರ್ಜಾದ ಕಾರಿನ ಸ್ಟಿಯರಿಂಗ್ ಎಡಗಡೆ ಇರುತ್ತದೆ. ಅದೊಂದೇ ಕಾರಣ ಸಾಕು. ಸುಂಕದ ಲೆಕ್ಕಕ್ಕೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಮಾಜ್ದಾ ಕಂಪನಿ ಈ ಕಾರನ್ನು ಭಾರತದಲ್ಲಿ ಮಾರಿದ್ದೂ ಇಲ್ಲ.

ಇಲ್ಲಿ ಸಿಗುವುದರಲ್ಲಿ ನಿಮ್ಮ ಮೊತ್ತಕ್ಕೆ ಹೊಂದುವುದು ಸ್ಯಾನ್ ಸ್ಟಾರ್ಮ್ ಎಂದು ನನ್ನ ಅಭಿಪ್ರಾಯ. ಗೋವಾದ ಸ್ಯಾನ್ ಮೋಟರ್ಸ್ 1998ರಲ್ಲಿ ಹೊರತಂದ ಈ ಕಾರಿಗೆ ಎರಡು ಸೀಟು, ಬಟ್ಟೆಯ ಹುಡ್, ಫೈಬರ್‌ಗ್ಲಾಸಿನ ಮೈ, 1149 ಸಿ.ಸಿ.ಯ ರೆನೋ ಎಂಜಿನ್. ಶಕ್ತಿ 60 ಅಶ್ವಶಕ್ತಿಯ ಆಸುಪಾಸು, ಎಳೆಯುವುದು ಮುಂದಿನ ಚಕ್ರಗಳು. ಎಂಎಕ್ಸ್-5ರ ನಯ ಇದಕ್ಕಿಲ್ಲ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಹತ್ತು ಹದಿನೈದು ವರ್ಷ ಹಳೆಯ ಮರ್ಸಿಡಿಸ್ ಎಸ್‌ಎಲ್‌ಕೆ ಅಥವಾ ಬಿಎಂಡಬ್ಲ್ಯು ಝಡ್4 ಕಾರುಗಳು ಆಗಾಗ ಮಾರಾಟಕ್ಕೆ ಬರುತ್ತವೆ, ಬೆಲೆಯೂ ಹೊಸದರ ಮುಂದೆ ತೀರ ಕಡಿಮೆ ಎಂದು ಕಾಣುತ್ತದೆ. ಆದರೆ ಎಸ್‌ಎಲ್‌ಕೆಯಲ್ಲಿಯೂ 2009ರಿಂದ 2016ರವರೆಗಿನ ಝಡ್4ರಲ್ಲಿಯೂ ಮಡಚುವುದು ಲೋಹದ ಛಾವಣಿ. ಅದನ್ನು ಎತ್ತಿ ಇಳಿಸುವ ಹೈಡ್ರಾಲಿಕ್ ಪಂಪು, ಸಿಲಿಂಡರು, ಸೆನ್ಸರುಗಳಲ್ಲಿ ಒಂದು ಕೆಟ್ಟರೂ ಛಾವಣಿ ಅರ್ಧಕ್ಕೆ ನಿಲ್ಲುತ್ತದೆ, ಆ ರಿಪೇರಿಯ ಖರ್ಚು ಕಾರು ಹೊಸದಿದ್ದಾಗಿನ ಬೆಲೆಗೆ ತಕ್ಕಂತೆಯೇ ಇರುತ್ತದೆ. ನಾಲ್ಕು ಲಕ್ಷಕ್ಕೆ ಅಂಥದ್ದೊಂದು ಸಿಕ್ಕಿದರೂ ನಿರ್ವಹಣೆಗೆ ಏನೂ ಉಳಿಯುವುದಿಲ್ಲ. ಯಾವ ಕಾರನ್ನೇ ಕೊಳ್ಳಿ, ಮೊತ್ತದ ಮೂರರಲ್ಲಿ ಒಂದು ಪಾಲನ್ನು ಮೊದಲ ವರ್ಷದ ಕೆಲಸಕ್ಕೆಂದು ತೆಗೆದಿಡಿ.

ನೋಡುವಾಗ ಹೊಳಪಿಗೆ ಮನಸೋಲಬೇಡಿ. ಫೈಬರ್ ಮೈಗೆ ತುಕ್ಕು ಹಿಡಿಯುವುದಿಲ್ಲ ಎಂದು ಮಾರುವವರು ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಆ ಮೈಯನ್ನು ಹೊತ್ತ ಉಕ್ಕಿನ ಚಾಸಿಗೆ ತುಕ್ಕು ಹಿಡಿಯುತ್ತದೆ. ಕಾರನ್ನು ರ‍್ಯಾಂಪಿನ ಮೇಲೆ ಏರಿಸಿ, ಸಸ್ಪೆನ್ಷನ್ ಬಂದು ಸೇರುವ ಜಾಗಗಳನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಬಾಗಿಲಿನ ಹಿಂಜಿನ ಸುತ್ತ ಜೇಡರ ಬಲೆಯಂತಹ ಬಿರುಕುಗಳಿದ್ದರೆ ಗಾಬರಿಯಾಗಬೇಡಿ. ನಮ್ಮ ಕರಾವಳಿಯಲ್ಲಿ ಫೈಬರ್ ದೋಣಿ ರಿಪೇರಿ ಮಾಡುವವರ ಕೈಗೆ ಅದು ದಿನನಿತ್ಯದ ಕೆಲಸ, ರೆಸಿನ್ ಮತ್ತು ಗಾಜಿನ ನಾರಿನ ಹದ ಕಾರಿನ ವರ್ಕ್‌ಶಾಪಿನವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಎಂಜಿನ್ನಿನ ಟೈಮಿಂಗ್ ಬೆಲ್ಟು ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳುತ್ತ ಕೂರಬೇಡಿ; ಓಡದೆ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಹಾಗಾಗಿ ಕೊಂಡ ವಾರವೇ ಬದಲಾಯಿಸಿಬಿಡಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ ಅದು 2019ರ 23ನೇ ವಾರದ್ದು. ಹೆಚ್ಚು ಓಡದ ಕಾರುಗಳಲ್ಲಿ ಗೆರೆ ಸವೆಯದೆಯೂ ಹಳತಾದ ಟಯರುಗಳಿರುವುದು ಬಹಳ ಸಾಮಾನ್ಯ.

ಎಲ್ಲಕ್ಕಿಂತ ಮುಖ್ಯವಾದದ್ದು ನೀರು. ಹತ್ತು ವರ್ಷಗಳ ಹಿಂದೆ ನಾನು ಇಂಥದ್ದೇ ಒಂದು ತೆರೆದ ಕಾರನ್ನು ದೂರದ ಮಾರಾಟಗಾರರೊಬ್ಬರಿಂದ ಫೆಬ್ರವರಿ ತಿಂಗಳ ಒಣ ಬಿಸಿಲಿನಲ್ಲಿ ನೋಡಿ ಕೊಂಡೆ. ಜೂನಿನ ಎರಡನೆಯ ವಾರ ಸೀಟಿನಡಿಯ ಕಾರ್ಪೆಟ್ ಎತ್ತಿದಾಗ ಎರಡು ಬೆರಳು ನೀರು ನಿಂತಿತ್ತು. ಅದರ ಕೆಳಗಿನ ತಗಡು ತೂತಾಗಿದ್ದು, ಮೇಲೆ ಬಣ್ಣ ಬಳಿದು ಮುಚ್ಚಲಾಗಿತ್ತು. ಆ ನೋವು ಇಂದಿಗೂ ನೆನಪಿದೆ. ಆದ್ದರಿಂದ ಹುಡ್ ಮುಚ್ಚಿಸಿ, ಹತ್ತು ನಿಮಿಷ ಪೈಪಿನಿಂದ ಮೇಲೆ ನೀರು ಬಿಡಿಸಿ, ಅನಂತರ ಕಾರ್ಪೆಟ್ಟಿನ ಅಡಿಗೆ ಕೈ ಹಾಕಿ ನೋಡಿ. ಇದಕ್ಕೆ ಒಪ್ಪದವರ ಕಾರು ಬೇಡ.

ಕಾಗದಪತ್ರದ ವಿಷಯ ಚಿಕ್ಕದು, ಆದರೆ ಬಿಡುವಂಥದ್ದಲ್ಲ. ಹೊರರಾಜ್ಯದ ಕಾರಾದರೆ ಅಲ್ಲಿಯ ಆರ್‌.ಟಿ.ಒ.ದಿಂದ 28ನೇ ನಮೂನೆಯ ನಿರಾಕ್ಷೇಪಣಾ ಪತ್ರ, ಮಾಲೀಕತ್ವ ಬದಲಾವಣೆಗೆ 29 ಮತ್ತು 30ನೇ ನಮೂನೆಗಳು ಬೇಕು. ಕೇರಳದ ತೆರಿಗೆ ಕಟ್ಟಿ ಕಾಸರಗೋಡಿನ ಕೆಎಲ್ 14 ಸಂಖ್ಯೆ ಪಡೆಯಬೇಕು. ಮಂಗಳೂರಿನ ನೆಂಟರ ಹೆಸರಿನಲ್ಲಿ ಕೆಎ 19 ಸಂಖ್ಯೆಯನ್ನೇ ಉಳಿಸಿಕೊಂಡು ಗಡಿಯ ಈಚೆ ಓಡಿಸುವ ಉಪಾಯವನ್ನು ನಮ್ಮಲ್ಲಿ ಅನೇಕರು ಹೇಳಿಕೊಡುತ್ತಾರೆ. ಅದು ಬೇಡ, ಅಪಘಾತವಾದ ದಿನ ವಿಮೆಯವರ ಮುಂದೆ ನಿಲ್ಲಬೇಕಾದವರು ನೀವು ಮತ್ತು ಆ ನೆಂಟರು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಅನಂತರ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಕೇಂದ್ರ ನಿಯಮಗಳ 2025ರ ತಿದ್ದುಪಡಿಯಂತೆ 20 ವರ್ಷ ದಾಟಿದ ಕಾರಿಗೆ ನವೀಕರಣದ ಶುಲ್ಕ 10,000 ರೂಪಾಯಿ. ಹಳೆಯ ಸ್ಟಾರ್ಮ್ ಕೊಳ್ಳುವುದಿದ್ದರೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಮನೆಯವರ ಮಾತು. ಈ ಕಾರನ್ನು ಯಕ್ಷಗಾನ ಮೇಳದಂತೆ ನಡೆಸಿಕೊಳ್ಳಿ: ದೀಪಾವಳಿಗೆ ಹೊರಟು ಮೇ ಕೊನೆಯ ಪತ್ತನಾಜೆಗೆ ಒಳಗೆ ಬರಲಿ. ವರ್ಷಕ್ಕೆ ಆರು ತಿಂಗಳಿಗೂ ಹೆಚ್ಚು ಸಮಯ ಸಿಗುತ್ತದೆ, ತೆರೆದ ಕಾರಿಗೆ ಬೇರೆ ಎಷ್ಟೋ ದೇಶಗಳಲ್ಲಿ ಅಷ್ಟು ಒಣ ದಿನಗಳಿಲ್ಲ. ಏಪ್ರಿಲಿನ ನಡುಹಗಲು ಛಾವಣಿ ತೆಗೆದು ಹೊರಟರೆ ತಲೆ ಕಾದು ಸುಖವೆಲ್ಲ ಕಹಿಯಾಗುತ್ತದೆ. ಡಿಸೆಂಬರಿನ ಬೆಳಗ್ಗೆ ಆರು ಗಂಟೆಗೆ ಚಂದ್ರಗಿರಿ ಸೇತುವೆ ದಾಟಿ ಬೇಕಲದ ಕಡೆಗೆ ಹೋಗಿ ನೋಡಿ. ಹೆದ್ದಾರಿಯನ್ನು ಬಿಟ್ಟು ಕರಾವಳಿಯ ರಸ್ತೆಯನ್ನೇ ಹಿಡಿಯಿರಿ. ಗಾಳಿ ಹೊಡೆಯುವುದು ಮುಂದಿನಿಂದಲ್ಲ, ಸೀಟಿನ ಹಿಂದಿನಿಂದ ಸುತ್ತಿ ಬರುತ್ತದೆ. ಪಕ್ಕದ ಗಾಜುಗಳನ್ನು ಏರಿಸಿಟ್ಟರೆ ಪಕ್ಕದವರೊಂದಿಗೆ ಸಣ್ಣ ದನಿಯಲ್ಲಿ ಮಾತಾಡಬಹುದು. ಮೊದಲ ದಿನ ಮನೆಯವರನ್ನೇ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೋಗಿ.

ಪ್ರಶ್ನೆ: ಮಾರುತಿ 800 ಕಾರಿನ ಮಾಡನ್ನು ಕತ್ತರಿಸಿ ತೆರೆದ ಕಾರು ಮಾಡಿದ್ದು ಒಂದು ಲಕ್ಷಕ್ಕೆ ಸಿಗುತ್ತಿದೆ. ಕೊಳ್ಳಬಹುದೇ?
(ಓದುಗರೊಬ್ಬರು, ಕುಂಬಳೆ)

ಉತ್ತರ: ಖಂಡಿತ ಬೇಡ. ಆ ಕಾರಿಗೆ ಬೇರೆ ಚಾಸಿ ಇಲ್ಲ, ಮಾಡು, ಕಂಬ, ನೆಲ ಎಲ್ಲವೂ ಸೇರಿಯೇ ಅದರ ಗಟ್ಟಿತನ. ಮಾಡನ್ನು ಕತ್ತರಿಸಿದರೆ ಗುಂಡಿಗೆ ಇಳಿದಾಗ ಇಡೀ ಮೈ ತಿರುಚುತ್ತದೆ, ಬಾಗಿಲುಗಳು ಕೂರುವುದಿಲ್ಲ, ಮಗುಚಿದರೆ ಉಳಿಗಾಲವಿಲ್ಲ. ಕಾನೂನಿನ ಮಾತು ಇನ್ನೂ ಸ್ಪಷ್ಟ: ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ಕೇರಳದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ.

ಪ್ರಶ್ನೆ: ನನ್ನಲ್ಲಿ ಬಟ್ಟೆಯ ಹುಡ್ ಇರುವ ಹಳೆಯ ಕಾರಿದೆ. ಮಳೆಗಾಲದಲ್ಲಿ ಹುಡ್ ಬೂಷ್ಟು ಹಿಡಿಯುತ್ತದೆ, ಹಿಂದಿನ ಪ್ಲಾಸ್ಟಿಕ್ ಕಿಟಕಿ ಮಸುಕಾಗಿದೆ. ಏನು ಮಾಡಲಿ?
(ಓದುಗರೊಬ್ಬರು, ಮಂಜೇಶ್ವರ)

ಉತ್ತರ: ಒದ್ದೆಯಿದ್ದಾಗ ಹುಡ್ಡನ್ನು ಮಡಚಲೇಬಾರದು, ಬೂಷ್ಟು ಹುಟ್ಟುವುದು ಮಡಿಕೆಗಳಲ್ಲಿ. ಮೃದುವಾದ ಸಾಬೂನು ನೀರು, ಮೆತ್ತನೆಯ ಬ್ರಷ್ ಸಾಕು, ಬಟ್ಟೆ ತೊಳೆಯುವ ಪುಡಿ ಬೇಡ. ತೊಳೆದ ಮೇಲೆ ಪೂರ್ತಿ ಹರಡಿಯೇ ಒಣಗಿಸಿ. ಪ್ಲಾಸ್ಟಿಕ್ ಕಿಟಕಿಯನ್ನು ಒಣ ಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ತೀರ ಮಸುಕಾಗಿದ್ದರೆ ರಿಕ್ಷಾದ ಹುಡ್ ಹೊಲಿಯುವವರಲ್ಲಿ ಅದೊಂದು ತುಂಡನ್ನಷ್ಟೇ ಬದಲಾಯಿಸಿಕೊಳ್ಳಬಹುದು. ಹುಡ್ಡಿನ ಬುಡದಲ್ಲಿ ನೀರು ಇಳಿದುಹೋಗುವ ತೂತುಗಳಿರುತ್ತವೆ, ಮಳೆಗಾಲಕ್ಕೆ ಮೊದಲು ಅವುಗಳಲ್ಲಿ ಸಿಕ್ಕಿದ ಎಲೆ ಮಣ್ಣನ್ನು ತೆಗೆಯಿರಿ. ಶೆಡ್ಡಿನಲ್ಲಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದಿಡದೆ ಚಕ್ರಗಳಿಗೆ ಅಡ್ಡ ಮರದ ತುಂಡು ಕೊಡಿ, ಇಲ್ಲವಾದರೆ ಬ್ರೇಕು ಅಂಟಿಕೊಳ್ಳುತ್ತದೆ. ಅಡಿಕೆಯ ಗೋಣಿಗಳನ್ನು ಕಾರಿನ ಹತ್ತಿರ ಇಡಬೇಡಿ. ಗೋಣಿಗೆ ಬಂದ ಇಲಿಗಳು ವಯರನ್ನೂ ಕಡಿಯುತ್ತವೆ. ಮಳೆ ಬಿಟ್ಟ ದಿನ, ಹದಿನೈದು ದಿನಕ್ಕೊಮ್ಮೆಯಾದರೂ, ಅರ್ಧ ಗಂಟೆ ಓಡಿಸಿ ಬಂದು ಬಾಗಿಲುಗಳನ್ನು ತೆರೆದಿಡಿ. ಹೊದಿಸುವುದಿದ್ದರೆ ಗಾಳಿಯಾಡುವ ಬಟ್ಟೆಯನ್ನೇ ಹೊದಿಸಿ. ಟಾರ್ಪಾಲು ಹೊದಿಸಿದರೆ ಒಳಗಿನ ಹಸಿ ಹೊರಗೆ ಹೋಗುವುದಿಲ್ಲ.