ಮಗನ ಬ್ಯಾಗಲ್ಲಿ ವೇಪ್ ಸಿಕ್ಕಿದ್ದರ ಬಗ್ಗೆ

ಒಂಬತ್ತನೇ ಕ್ಲಾಸಿನ ಮಗನ ಬ್ಯಾಗಲ್ಲಿ ವೇಪ್ (ಬ್ಯಾಟರಿಯಲ್ಲಿ ನಡೆಯುವ ಇ-ಸಿಗರೇಟ್) ಸಿಕ್ಕಿದೆ, ಅವರಪ್ಪನಿಗೆ ಹೇಳಲಾ, ಶಾಲೆಗೆ ಹೇಳಲಾ ಅಂತ ಕೇಳಿದ್ದೀರಿ. ಮೊದಲು ಮಗನ ಹತ್ತಿರ ಮಾತಾಡಿ ಮೇಡಂ.

ನಮ್ಮಣ್ಣನ ಮನೆಯಲ್ಲೂ ಹೀಗೇ ಆಗಿತ್ತು. ನೋಡೋಕೆ ಪೆನ್‌ಡ್ರೈವ್ ಥರ, ಮಾವಿನಹಣ್ಣಿನ ವಾಸನೆ. ಅತ್ತಿಗೆ ಎರಡು ವಾರ ಅದನ್ನ ಸೆಂಟಿನ ವಾಸನೆ ಅಂದುಕೊಂಡಿದ್ದರು! ಅಣ್ಣ ಬೆಲ್ಟ್ ತೆಗೆದ. ಹುಡುಗ ಬಿಡಲಿಲ್ಲ, ಬಚ್ಚಿಡೋದನ್ನ ಕಲಿತ ಅಷ್ಟೇ. ಕೊನೆಗೆ ಬಾಯಿಬಿಟ್ಟಿದ್ದು ಅತ್ತಿಗೆ ಹತ್ತಿರ, ಸ್ಕೂಟರಲ್ಲಿ ಟ್ಯೂಷನ್‌ಗೆ ಹೋಗುವಾಗ. ಹಿಂದೆ ಕೂತರೆ ಮುಖ ನೋಡಬೇಕಾಗಿಲ್ಲ, ಅಲ್ವಾ? ಪರೀಕ್ಷೆ ಭಯಕ್ಕೆ ತಿಂಗಳಿಂದ ಸರಿಯಾಗಿ ನಿದ್ದೆ ಇರಲಿಲ್ಲವಂತೆ. ಅದು ಯಾರಿಗೂ ಗೊತ್ತೇ ಇರಲಿಲ್ಲ.

"ಯಾಕೆ ಮಾಡಿದೆ" ಅನ್ನಬೇಡಿ. "ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಸಲ" ಅಂತ ಕೇಳಿ. ದಿನಾ ಎಳೆಯುತ್ತಿದ್ದರೆ ನಿಕೋಟಿನ್ ಚಟ ಹಿಡಿದಿರುತ್ತದೆ. ಬಿಟ್ಟ ಮೊದಲ ಕೆಲವು ದಿನ ಸಿಡಿಮಿಡಿ, ತಲೆನೋವು, ಓದಲ್ಲಿ ಗಮನ ಇಲ್ಲದಿರೋದು ಜಾಸ್ತಿ. ಕೆಲವು ವಾರದಲ್ಲಿ ಇಳಿಯುತ್ತದೆ. ಅದನ್ನ ಕೊಬ್ಬು ಅಂತ ಬೈಯಬೇಡಿ.

14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಲ್ಲಿ ಶುರುವಾಗಿದ್ದು. ಹಗಲೂ ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ಹತ್ತಿರ ಇದ್ದರೆ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸೋಕೆ ಬೇರೆ ವಿಭಾಗವೇ ಇದೆ.

ಅವರಪ್ಪನಿಗೆ ಹೇಳಿ, ಆದರೆ ಕೈ ಎತ್ತಲ್ಲ ಅಂತ ಮಾತು ತಗೊಂಡು. ಶಾಲೆಯಲ್ಲಿ ಕೌನ್ಸೆಲರ್ ಇದ್ದರೆ ಅವರ ಹತ್ತಿರ ಮಾತ್ರ. ನೇರ ಪ್ರಿನ್ಸಿಪಾಲ್ ಹತ್ತಿರ ಹೋದರೆ ಕೆಲವು ಕಡೆ ಸುಮ್ನೆ ಟಿಸಿ ಕೈಗಿಡುತ್ತಾರೆ. ಇ-ಸಿಗರೇಟ್ ಮಾರಾಟ 2019ರಿಂದ ದೇಶದಲ್ಲೇ ನಿಷೇಧ, ಹಾಗಾಗಿ ಯಾರು ಕೊಟ್ಟರು ಅನ್ನೋದು ಮುಖ್ಯವೇ. ಆದರೆ ಆ ಪ್ರಶ್ನೆ ಮೊದಲ ದಿನ ಬೇಡ.