ಒಂದು ತೂತಿನ ಪೇಟೆಂಟ್

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದ (1861–65) ಹೊತ್ತಿಗೆ ಲೋಹದ ಕಾಡತೂಸು, ಅಂದರೆ ಮದ್ದೂ ಗುಂಡೂ ಒಟ್ಟಿಗಿರುವ ಲೋಹದ ಕೊಳವೆ, ಬಳಕೆಗೆ ಬಂದಿತ್ತು. ಆದರೂ ಕೋಲ್ಟ್ ರಿವಾಲ್ವರಿಗೆ ಮದ್ದನ್ನೂ ಗುಂಡನ್ನೂ ಮುಂದಿನಿಂದ ತುಂಬಬೇಕಿತ್ತು ಎಂದು ಓದಿದೆ. ಅಷ್ಟು ದೊಡ್ಡ ಕಂಪನಿಗೆ ಹೊಸ ವಿಧಾನ ತಿಳಿಯಲಿಲ್ಲವೇ?
— ಇತಿಹಾಸ ವಿದ್ಯಾರ್ಥಿನಿ

ಉತ್ತರ: ತಿಳಿದಿತ್ತು, ಮಾಡುವ ಹಕ್ಕು ಇರಲಿಲ್ಲ. ನಾನು ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ದುಡಿದವನು. ಉಕ್ಕಿನ ತುಂಡಿಗೆ ಈ ಕಡೆಯಿಂದ ಆ ಕಡೆಗೆ ತೂತು ಕೊರೆಯುವುದು ನಮಗೆ ದಿನದ ಕೆಲಸ. ಆ ತೂತಿಗೇ ಒಬ್ಬನ ಪೇಟೆಂಟ್ ಇತ್ತೆಂದು ಮೊದಲು ಓದಿದಾಗ ನಂಬಲಾಗಲಿಲ್ಲ.

ಕೋಲ್ಟ್ ರಿವಾಲ್ವರಿನ ತಿರುಗುವ ಸಿಲಿಂಡರಿನಲ್ಲಿ ಗುಂಡು ಕೂರುವ ಕೋಣೆಗಳು ಹಿಂಬದಿಯಲ್ಲಿ ಮುಚ್ಚಿದ್ದವು. ಕಿಡಿ ಹಾಯಲು ಸಣ್ಣ ರಂಧ್ರ ಮಾತ್ರ. ಕಾಡತೂಸನ್ನು ಹಿಂದಿನಿಂದ ತೂರಿಸಬೇಕೆಂದರೆ ಕೋಣೆಯನ್ನು ಪೂರ್ತಿ ಕೊರೆಯಲೇಬೇಕು. ಹಾರ್ಟ್‌ಫರ್ಡ್‌ನ ಕೋಲ್ಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡಿದ್ದ ರೋಲಿನ್ ವೈಟ್ ಇದಕ್ಕೆ 1855ರ ಏಪ್ರಿಲ್ 3ರಂದು ಪೇಟೆಂಟ್ ಪಡೆದ. ಮರುವರ್ಷ ಬಂದೂಕು ತಯಾರಕರಾದ ಸ್ಮಿತ್ ಅಂಡ್ ವೆಸನ್ ಜೊತೆ ಒಪ್ಪಂದವಾಯಿತು: ಪೇಟೆಂಟ್ ಬಳಸುವ ಹಕ್ಕು ಅವರಿಗೆ ಮಾತ್ರ, ವೈಟ್‌ಗೆ ರಿವಾಲ್ವರ್ ಒಂದಕ್ಕೆ 25 ಸೆಂಟ್. 1857ರಲ್ಲಿ ಅವರ ಮೊದಲ ಏಳು ಗುಂಡಿನ ಪುಟ್ಟ ರಿವಾಲ್ವರ್ ಹೊರಬಂತು.

ಕಂಪನಿಯ ಸ್ಥಾಪಕ ಸ್ಯಾಮ್ಯುಯೆಲ್ ಕೋಲ್ಟ್ ಕೂಡ ಇದೇ ದಾರಿಯಲ್ಲಿ ಬೆಳೆದವನು. 1836ರ ತನ್ನ ಪೇಟೆಂಟ್ ಹಿಡಿದು 1851ರಲ್ಲಿ ಮ್ಯಾಸಚೂಸೆಟ್ಸ್ ಆರ್ಮ್ಸ್ ಕಂಪನಿಯನ್ನು ನ್ಯಾಯಾಲಯದಲ್ಲಿ ಸೋಲಿಸಿದ್ದ. ಆ ಪೇಟೆಂಟಿನ ಅವಧಿ ಮುಗಿದದ್ದೂ 1857ರಲ್ಲೇ.

ನನ್ನ ಮನಸ್ಸು ಮರುಗುವುದು ವೈಟ್‌ಗಾಗಿ. ಯಾರಾದರೂ ಪೇಟೆಂಟ್ ಉಲ್ಲಂಘಿಸಿದರೆ ಅವನೇ ಸ್ವಂತ ಖರ್ಚಿನಲ್ಲಿ ದಾವೆ ಹೂಡಬೇಕು ಎಂಬ ಷರತ್ತು ಆ ಒಪ್ಪಂದದಲ್ಲಿತ್ತು. ಬಂದ 25 ಸೆಂಟುಗಳನ್ನು ವಕೀಲರಿಗೆ ಸುರಿಯುತ್ತಾ ಹೋದ. 1869ರಲ್ಲಿ ಪೇಟೆಂಟ್ ಮುಗಿಯಿತು. ಅವಧಿ ವಿಸ್ತರಣೆ ಕೇಳಲು ಅವನಿಗೆ ಇನ್ನೊಂದು ಅವಕಾಶ ಕೊಡುವ ಮಸೂದೆಯನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಒಪ್ಪಿತು; ಅಧ್ಯಕ್ಷ ಗ್ರಾಂಟ್ 1870ರ ಜನವರಿಯಲ್ಲಿ ಅದನ್ನು ತಿರಸ್ಕರಿಸಿದ. ವೈಟ್‌ನ ದಾವೆಗಳಿಂದ ಯುದ್ಧಕಾಲದಲ್ಲಿ ಸರ್ಕಾರಕ್ಕೆ ತೊಂದರೆಯಾಯಿತು ಎಂದು ಸೇನೆಯ ಶಸ್ತ್ರಾಸ್ತ್ರ ವಿಭಾಗದ ಮುಖ್ಯಸ್ಥ ಆಕ್ಷೇಪಿಸಿದ್ದ. ತನ್ನದೇ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದನ್ನು ಅಪರಾಧವೆಂದು ಎಣಿಸಿದ್ದು ನನಗೆ ಇಂದಿಗೂ ಅನ್ಯಾಯವೆಂದೇ ತೋರುತ್ತದೆ.

ಕೋಲ್ಟ್ ಕಂಪನಿಯ ಹೆಸರಾಂತ ಕಾಡತೂಸಿನ ರಿವಾಲ್ವರ್ ಬಂದದ್ದು 1873ರಲ್ಲಿ. ಹಳೆಯ ರಿವಾಲ್ವರಿನ ಚಿತ್ರ ಎಲ್ಲಾದರೂ ಕಂಡರೆ ಸಿಲಿಂಡರಿನ ಹಿಂಬದಿಯನ್ನು ಗಮನಿಸಿ. ಕೋಣೆಗಳು ತೆರೆದಿವೆಯೋ ಮುಚ್ಚಿವೆಯೋ ಎಂಬುದರಿಂದಲೇ ಅದು ಯಾವ ಬಗೆಯದೆಂದು ನಿಮಗೆ ಗೊತ್ತಾಗುತ್ತದೆ.